‘ಬೋರ್ಡ್ ಹೋಗಿದೆ’ ಅಂದರು, ಸರಿ. ಅದನ್ನು ಸುಟ್ಟದ್ದು ಯಾವುದು?

ಪ್ರಶ್ನೆ: ತಿಪಟೂರು ತಾಲ್ಲೂಕಿನ ಹೋಬಳಿ ಊರೊಂದರಲ್ಲಿ ನಮ್ಮದು ಜೆರಾಕ್ಸ್, ಡಿಟಿಪಿ ಅಂಗಡಿ. ಪಕ್ಕದಲ್ಲೇ ತೆಂಗಿನ ನಾರಿನ ಫ್ಯಾಕ್ಟರಿ ಇದೆ. ಹೋದ ವಾರ ಗುಡುಗು-ಗಾಳಿಗೆ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಒಂದು ಸಲ ಬಂದಾಗ ಕಂಪ್ಯೂಟರಿನಿಂದ ‘ಟಪ್’ ಅಂತ ಸದ್ದಾಗಿ, ಸುಟ್ಟ ವಾಸನೆ ಬಂದು ಆಫ್ ಆಯಿತು. ಅದೇ ಹೊತ್ತಿಗೆ ಪಕ್ಕದ ಅಂಗಡಿಯ ಎರಡು ಎಲ್‌ಇಡಿ ಬಲ್ಬೂ ಹೋದವು. ಈಗ ಬಟನ್ ಒತ್ತಿದರೆ ಫ್ಯಾನ್ ಅರೆ ಸುತ್ತು ತಿರುಗಿ ನಿಲ್ಲುತ್ತದೆ. ಪ್ರೊಸೆಸರ್ ಪಕ್ಕ ಕರಿ ಕಲೆ ಕಾಣುತ್ತಿದೆ. ಎಚ್61 ಬೋರ್ಡ್ (ಮದರ್‌ಬೋರ್ಡ್), ಮೂರನೇ ತಲೆಮಾರಿನ ಐ3 ಪ್ರೊಸೆಸರ್. ಯುಪಿಎಸ್ ಬ್ಯಾಟರಿ ಸತ್ತು ಮೂರು ತಿಂಗಳಾಗಿತ್ತು, ನೇರ ಗೋಡೆಯ ಸಾಕೆಟ್‌ಗೇ ಹಾಕಿದ್ದೆವು. ರಿಪೇರಿಯವರು ಬೋರ್ಡ್, ಪ್ರೊಸೆಸರ್, ರ‍್ಯಾಮ್ ಎಲ್ಲಾ ಹೊಸದು ಹಾಕಬೇಕು ಅನ್ನುತ್ತಾರೆ. ಹಳೆ ಬೋರ್ಡ್ ಒಂದನ್ನು ತಂದು ನಾನೇ ಜೋಡಿಸಿ ನೋಡಲೇ? ಹಾರ್ಡ್ ಡಿಸ್ಕಿನಲ್ಲಿ ಆರು ವರ್ಷದ ಕೆಲಸ ಇದೆ.

ಉತ್ತರ: ತಂದು ಜೋಡಿಸಬೇಡಿ, ಇವತ್ತಂತೂ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ಬೋರ್ಡು ಸುಟ್ಟಿರುವುದು ಬಹುಮಟ್ಟಿಗೆ ನಿಜ. ಆದರೆ ಅದನ್ನು ಸುಟ್ಟದ್ದು ಗೋಡೆಯ ಸಾಕೆಟ್ಟೋ, ಎಸ್‌ಎಂಪಿಎಸ್ಸೋ (ಗೋಡೆಯ ಕರೆಂಟನ್ನು ಕಡಿಮೆ ವೋಲ್ಟಿಗೆ ಇಳಿಸಿ ಬೋರ್ಡಿಗೆ ಕೊಡುವ ಡಬ್ಬಿ), ಬೋರ್ಡಿನ ಸ್ವಂತ ಬಿಸಿಯೋ ಅನ್ನುವುದು ತಿಳಿಯದೆ ಇನ್ನೊಂದು ಬೋರ್ಡ್ ಸಿಕ್ಕಿಸಿದರೆ ಅದೂ ಅದೇ ದಾರಿ ಹಿಡಿಯಬಹುದು. ಎಲ್ಲವನ್ನೂ ಬದಲಿಸಬೇಕು ಅನ್ನುವ ಮಾತನ್ನೂ ಅಳತೆ ಇಲ್ಲದೆ ಒಪ್ಪಬೇಕಿಲ್ಲ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚು, ಒಣ ಪೇಂಟ್ ಬ್ರಷ್ಷು, ಒಂದು ರಟ್ಟಿನ ತುಂಡು ಇದ್ದರೆ ಅರ್ಧ ದಿನದಲ್ಲಿ ಬಹುಪಾಲು ಉತ್ತರ ನಿಮ್ಮ ಕೈಯಲ್ಲಿರುತ್ತದೆ.

ಮೊದಲು ಡಿಸ್ಕಿನ ಮಾತು. ಬೇರೇನು ಮುಟ್ಟುವ ಮೊದಲೇ ಅದರ ಎರಡೂ ಕೇಬಲ್ ಬಿಚ್ಚಿ ಡಿಸ್ಕನ್ನು ಹೊರಗೆ ತೆಗೆದಿಡಿ. ಪರೀಕ್ಷೆ ಮುಗಿಯುವವರೆಗೆ ಆ ಎಸ್‌ಎಂಪಿಎಸ್‌ನ ಯಾವ ತಂತಿಯೂ ಅದನ್ನು ಸೋಕಬಾರದು. ಸಾಟಾದಿಂದ (ಡಿಸ್ಕಿನ ಕೇಬಲ್ ಕೂರುವ ಕಿಂಡಿ) ಯುಎಸ್‌ಬಿಗೆ ಹೋಗುವ ಅಡಾಪ್ಟರ್ ತಂದು, ಚೆನ್ನಾಗಿರುವ ಬೇರೆ ಕಂಪ್ಯೂಟರಿನಲ್ಲಿ ತೆರೆದು, ಮೊದಲು ಕಡತಗಳನ್ನು ನಕಲು ಮಾಡಿಕೊಳ್ಳಿ. 3.5 ಅಂಗುಲದ ಡಿಸ್ಕಿಗೆ 12 ವೋಲ್ಟ್ ಬೇರೆಯಾಗಿ ಬೇಕು, ಹಾಗಾಗಿ ಸ್ವಂತ ಪವರ್ ಅಡಾಪ್ಟರ್ ಇರುವುದನ್ನೇ ಕೇಳಿ. ಡಿಸ್ಕ್ ತಿರುಗುವುದೇ ಇಲ್ಲ ಅಂದರೂ ಎದೆಗುಂದಬೇಡಿ. ಸಾಮಾನ್ಯವಾಗಿ ಡಿಸ್ಕಿನ ಹಸಿರು ಬೋರ್ಡಿನಲ್ಲಿ 12 ಮತ್ತು 5 ವೋಲ್ಟಿನ ದಾರಿಗೆ ಒಂದೊಂದು ರಕ್ಷಣಾ ಡಯೋಡ್ ಇರುತ್ತದೆ. ವೋಲ್ಟೇಜ್ ಏರಿದಾಗ ಅದು ತಾನೇ ಶಾರ್ಟ್ ಆಗಿ ಉಳಿದದ್ದನ್ನು ಉಳಿಸುತ್ತದೆ. ಬಲ್ಲವರು ಆ ಡಯೋಡ್ ತೆಗೆದು, ಒಮ್ಮೆ ಡಿಸ್ಕ್ ಓಡಿಸಿ ಮಾಹಿತಿ ಎತ್ತಿಕೊಡುತ್ತಾರೆ. ಅದೇ ಮಾದರಿಯ ಬೇರೆ ಡಿಸ್ಕಿನ ಬೋರ್ಡ್ ತಂದು ಹಾಗೇ ಹಾಕಿದರೆ ಮಾತ್ರ ಸಾಮಾನ್ಯವಾಗಿ ಓಡದು, ಏಕೆಂದರೆ ಪ್ರತಿ ಡಿಸ್ಕಿನ ಸ್ವಂತ ಹೊಂದಾಣಿಕೆ ಅದರ ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿರುತ್ತದೆ. ಆ ಚಿಪ್ಪನ್ನೂ ಬದಲಾಯಿಸಬೇಕಾಗುತ್ತದೆ.

ಈಗ ಫ್ಯಾನಿನ ವಿಷಯ. ಅರೆ ಸುತ್ತು ತಿರುಗಿ ನಿಲ್ಲುವುದು ಬಹಳ ಬೆಲೆಯ ಸುಳಿವು. ಎಸ್‌ಎಂಪಿಎಸ್ ಪೂರ್ತಿ ಸತ್ತಿದ್ದರೆ ಫ್ಯಾನ್ ಅಲುಗುತ್ತಲೇ ಇರಲಿಲ್ಲ. ಅದು ಏಳುತ್ತಿದೆ, ಎದ್ದ ಕೂಡಲೇ ಎಲ್ಲೋ ಶಾರ್ಟ್ ಕಂಡು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತಿದೆ. ಹಾಗೆ ಆಫ್ ಆದ ಮೇಲೆ ಗೋಡೆಯ ಸ್ವಿಚ್ ತೆಗೆದು ಅರ್ಧ ನಿಮಿಷವಾದರೂ ಬಿಡಬೇಕು, ಇಲ್ಲದಿದ್ದರೆ ಮುಂದಿನ ಪರೀಕ್ಷೆಯೆಲ್ಲ ಸುಳ್ಳು ಹೇಳುತ್ತದೆ. ಬಟನ್ ಮತ್ತೆ ಮತ್ತೆ ಒತ್ತುವುದನ್ನೂ ನಿಲ್ಲಿಸಿ. ಪ್ರತಿ ಒತ್ತಿಗೂ ಶಾರ್ಟ್ ಆದ ಜಾಗ ಇನ್ನಷ್ಟು ಬಿಸಿಯಾಗುತ್ತದೆ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ (ಕರೆಂಟು ಕೂಡಿಟ್ಟುಕೊಳ್ಳುವ, ಡಬ್ಬಿಯಂಥ ಬಿಡಿಭಾಗ) 325 ವೋಲ್ಟಿನಷ್ಟು ಡಿಸಿ ನಿಂತಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಅದು ಜೀವಕ್ಕೆ ಅಪಾಯ.

ಕ್ಯಾಬಿನೆಟ್ಟಿನಿಂದ ಬೋರ್ಡನ್ನು ಹೊರಗೆ ತೆಗೆದು ರಟ್ಟಿನ ಮೇಲಿಡಿ. ಬ್ರಷ್ಷಿನಿಂದ ಧೂಳು ಕೊಡವಿ, ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿ. ಹಿಂಬದಿಯನ್ನೂ ನೋಡಬೇಕು, ಎಷ್ಟೋ ಸಲ ಸುಟ್ಟ ಗುರುತು ಅಲ್ಲೇ ಸ್ಪಷ್ಟ. ನಿಮ್ಮ ಜಾಗದಲ್ಲಿ ನಾರಿನ ಪುಡಿ ನನಗೆ ದೊಡ್ಡ ಅನುಮಾನ. ಒಣಗಿದ್ದಾಗ ಅದು ಹೀಟ್‌ಸಿಂಕಿನ (ಪ್ರೊಸೆಸರಿನ ಬಿಸಿ ಎಳೆಯುವ ಲೋಹದ ಪಟ್ಟಿಗಳ) ಸಂದಿ ಮುಚ್ಚಿ ಬಿಸಿ ಹಿಡಿದಿಡುತ್ತದೆ, ಮಳೆಗಾಲದ ತೇವ ಹೀರಿದರೆ ಕರೆಂಟು ಸೋರಲು ದಾರಿ ಮಾಡಿಕೊಡುತ್ತದೆ. ಹಿಂದಿನ ಸ್ಲಾಟ್ ಪಟ್ಟಿ ಮುಚ್ಚದೆ ಬಿಟ್ಟ ಕ್ಯಾಬಿನೆಟ್ಟುಗಳಲ್ಲಿ ಹಲ್ಲಿ, ಇರುವೆ ಸೇರಿ ಶಾರ್ಟ್ ಮಾಡುವುದೂ ಉಂಟು. ಪ್ರೊಸೆಸರ್ ಸುತ್ತ ನಿಂತಿರುವ ಕೆಪ್ಯಾಸಿಟರುಗಳ ತಲೆ ಉಬ್ಬಿದೆಯಾ, ಕಂದು ಕಲೆ ಇಳಿದಿದೆಯಾ ನೋಡಿ. ಘನ ಪಾಲಿಮರ್ ಕೆಪ್ಯಾಸಿಟರುಗಳು ಸಾಮಾನ್ಯವಾಗಿ ಉಬ್ಬುವುದಿಲ್ಲ, ಹಾಗಾಗಿ ಚಂದ ಕಂಡರೆ ಚೆನ್ನಾಗಿದೆ ಅಂತಲ್ಲ. ಮುಂದಿನ ಯುಎಸ್‌ಬಿ ಕಿಂಡಿಯೊಳಗೆ ಪಿನ್ ಬಾಗಿ ಒಂದಕ್ಕೊಂದು ತಾಗಿದೆಯಾ ಅನ್ನುವುದನ್ನು ಮರೆಯಬೇಡಿ, ಅಷ್ಟರಿಂದಲೇ ಕಂಪ್ಯೂಟರ್ ಏಳದೆ ಇರಬಹುದು.

ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸುವುದು ಹೀಗೆ. ಎಲ್ಲ ಕನೆಕ್ಟರ್ ಬಿಚ್ಚಿ. ಪ್ಲಗ್ ತೆಗೆದಿರುವಾಗಲೇ 24 ಪಿನ್ನಿನ ಕನೆಕ್ಟರಿನ ಹಸಿರು ತಂತಿಗೂ ಯಾವುದಾದರೂ ಕಪ್ಪು ತಂತಿಗೂ ಒಂದು ತಂತಿ ತುಂಡಿನಿಂದ ಸಂಪರ್ಕ ಕೊಡಿ. ಹೊರೆಗಾಗಿ ಹಳೆಯ ಡಿವಿಡಿ ಡ್ರೈವೋ ಕ್ಯಾಬಿನೆಟ್ ಫ್ಯಾನೋ ಹಾಕಿ, ನಿಮ್ಮ ಡಿಸ್ಕನ್ನಲ್ಲ. ಆನ್ ಮಾಡಿ ಮೀಟರಿನ ಕಪ್ಪು ತುದಿ ಕಪ್ಪು ತಂತಿಗೆ, ಕೆಂಪು ತುದಿ ಒಂದೊಂದಕ್ಕೆ. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47, ನೇರಳೆ 4.75ರಿಂದ 5.25, ಬೂದು ಸುಮಾರು 5 ವೋಲ್ಟ್ ತೋರಿಸಬೇಕು. ಇದರಲ್ಲಿ ನೇರಳೆ ತಂತಿಯನ್ನು ಗಮನವಿಟ್ಟು ಅಳೆಯಿರಿ. ಗೋಡೆಯ ಸ್ವಿಚ್ ಆನ್ ಇದ್ದಷ್ಟು ಹೊತ್ತೂ, ಕಂಪ್ಯೂಟರ್ ಆಫ್ ಇದ್ದಾಗಲೂ, ಈ ಸ್ಟ್ಯಾಂಡ್‌ಬೈ 5 ವೋಲ್ಟ್ ಬೋರ್ಡಿಗೆ ಹರಿಯುತ್ತಿರುತ್ತದೆ. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಈ ಭಾಗದ ಕೆಪ್ಯಾಸಿಟರ್ ಒಣಗಿದರೆ ವೋಲ್ಟೇಜು ಮೇಲೇರಿ ಚಿಪ್‌ಸೆಟ್ಟನ್ನೇ ತಿನ್ನುತ್ತದೆ. ನೇರಳೆಯಲ್ಲಿ 5.5 ಕಂಡರೆ ಅದನ್ನು ಇನ್ನು ಯಾವ ಬೋರ್ಡಿಗೂ ಹಾಕಬೇಡಿ.

ಎಲ್ಲ ಅಳತೆಯೂ ಸರಿ ಬಂತೆನ್ನಿ. ಆಗಲೂ ಈ ಪರೀಕ್ಷೆ ಹೇಳುವುದು ‘ಹಗುರ ಹೊರೆಯಲ್ಲಿ ಏಳುತ್ತದೆ’ ಅನ್ನುವಷ್ಟನ್ನೇ. ಭಾರಕ್ಕೆ ಕುಸಿಯುತ್ತದೋ, ಒಳಗೆ ಏರಿಳಿತ ಇದೆಯೋ ಮೀಟರು ತೋರಿಸುವುದಿಲ್ಲ. ದಿನವಿಡೀ ಗ್ರಾಹಕರ ಕೆಲಸ ಮಾಡುವ ಯಂತ್ರಕ್ಕೆ, ಇಂಥ ಘಟನೆ ಕಂಡ ಎಸ್‌ಎಂಪಿಎಸ್ಸನ್ನು ಬದಲಿಸುವುದೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೊಸದು ತಂದಾಗ, ಕೇಬಲ್ ಬಿಚ್ಚಿ ಸಿಕ್ಕಿಸುವ ಬಗೆಯದ್ದಾಗಿದ್ದರೆ, ಹಳೆಯದರ ಕೇಬಲ್ಲನ್ನು ಅದಕ್ಕೆ ಬಳಸಬೇಡಿ. ಸಾಕೆಟ್ ಕೂರಬಹುದು, ಆದರೆ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗುವಲ್ಲಿ 12 ಹೋಗಿ ಡಿಸ್ಕ್ ಕ್ಷಣದಲ್ಲಿ ಸುಡುತ್ತದೆ.

ಎಸ್‌ಎಂಪಿಎಸ್ ಅಳತೆ ಸರಿ ಇದ್ದರೆ ಮಾತ್ರ ಮುಂದಿನ ಹೆಜ್ಜೆ. 24 ಪಿನ್ನಿನದನ್ನು ಬೋರ್ಡಿಗೆ ಹಾಕಿ, ಪ್ರೊಸೆಸರ್ ಹತ್ತಿರದ 4 ಪಿನ್ನಿನ ಹಳದಿ-ಕಪ್ಪು ಕನೆಕ್ಟರನ್ನು ಹಾಕದೆ ಬಿಡಿ. ಕ್ಯಾಬಿನೆಟ್ಟಿನ ಪವರ್ ಬಟನ್ನಿನ ತಂತಿಯನ್ನು ಬೋರ್ಡಿಗೆ ಮತ್ತೆ ಸಿಕ್ಕಿಸಿ, ಐದು ಸೆಕೆಂಡು ಮಾತ್ರ ಆನ್ ಮಾಡಿ ನೋಡಿ. ಈಗ ಫ್ಯಾನ್ ನಿಲ್ಲದೆ ತಿರುಗಿದರೆ, ಶಾರ್ಟ್ ಇರುವುದು ಪ್ರೊಸೆಸರಿಗೆ ಕರೆಂಟು ಕೊಡುವ ಭಾಗದಲ್ಲಿ. ನಿಮ್ಮ ಕರಿ ಕಲೆ ಇರುವ ಜಾಗಕ್ಕೂ ಅದು ಹೊಂದುತ್ತದೆ. ಚಿತ್ರ ಬರುವುದಿಲ್ಲ, ಬರಬಾರದು ಕೂಡ. ಆಗಲೂ ಫ್ಯಾನ್ ಅರೆ ಸುತ್ತಿಗೇ ನಿಂತರೆ ದೋಷ 24 ಪಿನ್ನಿನ ಕಡೆಯ ಬೇರೆ ದಾರಿಗಳಲ್ಲಿದೆ.

ಆ ಭಾಗ ಮಾಡುವ ಕೆಲಸ ತಿಳಿದರೆ ಮುಂದಿನ ಅಳತೆ ಅರ್ಥವಾಗುತ್ತದೆ. 12 ವೋಲ್ಟನ್ನು ಇಳಿಸಿ ಸುಮಾರು 1 ವೋಲ್ಟಿಗೆ ತಂದು ಪ್ರೊಸೆಸರಿಗೆ ಕೊಡಬೇಕು. ಇದಕ್ಕೆ ಚೌಕಾಕಾರದ ಕಾಯಿಲ್, ಅದರ ಪಕ್ಕ ಜೋಡಿ ಜೋಡಿ ಮಾಸ್‌ಫೆಟ್ (ಕರೆಂಟನ್ನು ಬಿಡುವ-ತಡೆಯುವ, ಸ್ವಿಚ್ಚಿನಂಥ ಚಪ್ಪಟೆ ಚಿಪ್ಪು) ಇರುತ್ತವೆ. ಮೇಲಿನ ಮಾಸ್‌ಫೆಟ್ 12 ವೋಲ್ಟನ್ನು ಕಾಯಿಲಿಗೆ ಬಿಟ್ಟು ಬಿಟ್ಟು ಕೊಡುತ್ತದೆ, ಕೆಳಗಿನದು ಕಾಯಿಲನ್ನು ಗ್ರೌಂಡಿಗೆ (ಕಪ್ಪು ತಂತಿಯ ಕಡೆಗೆ) ಕಟ್ಟುತ್ತದೆ. ಕೆಳಗಿನದು ಶಾರ್ಟ್ ಆದರೆ ಪ್ರೊಸೆಸರಿಗೆ ವೋಲ್ಟೇಜು ಹೋಗದು, ಪ್ರೊಸೆಸರ್ ಬದುಕಿರುವ ಸಾಧ್ಯತೆ ಹೆಚ್ಚು. ಮೇಲಿನದು ಶಾರ್ಟ್ ಆದರೆ 1 ವೋಲ್ಟ್ ಬೇಡುವ ಪ್ರೊಸೆಸರಿನ ಕಡೆಗೆ 12 ವೋಲ್ಟ್ ನುಗ್ಗುತ್ತದೆ. ‘ಎಲ್ಲಾ ಹೋಗಿದೆ’ ಅನ್ನುವ ಮಾತು ನಿಜವೋ ಅಲ್ಲವೋ ಅನ್ನುವುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಅಳೆಯುವ ಮೊದಲು ಪವರ್ ಬಟನ್ನಿನದು ಬಿಟ್ಟು ಉಳಿದೆಲ್ಲ ವೈರು ತೆಗೆದು, ನಾಣ್ಯದಂಥ ಸಿಆರ್2032 ಸೆಲ್ ತೆಗೆದು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಪ್ರೊಸೆಸರನ್ನೂ ತೆಗೆಯಿರಿ. ನಿಮ್ಮ ಪ್ರೊಸೆಸರ್ ಕೂರುವ 1155 ಸಾಕೆಟ್ಟಿನಲ್ಲಿ ಪಿನ್ನುಗಳಿರುವುದು ಬೋರ್ಡಿನಲ್ಲಿ, ಕೂದಲಿನಷ್ಟು ನಯ. ಬೆರಳು, ಬಟ್ಟೆ ತಾಗಿಸಬೇಡಿ. ಮೀಟರನ್ನು 200 ಓಮ್‌ಗೆ ಇಡಿ. ಬೀಪ್ ಸದ್ದನ್ನು ನಂಬಿ ಕೂರಬೇಡಿ: ಎಷ್ಟೋ ಮೀಟರುಗಳು 30-50 ಓಮ್‌ಗೂ ಕೂಗುತ್ತವೆ, ಆದರೆ ಬೋರ್ಡಿನ ಕೆಲವು ದಾರಿಗಳಲ್ಲಿ ಅಷ್ಟು ಕಡಿಮೆ ಇರುವುದು ಸಹಜ. ಎರಡು ತುದಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ 0.3-0.5 ಓಮ್ ತಂತಿಯದ್ದು, ಅದನ್ನು ಕಳೆಯಿರಿ. ಕಪ್ಪು ತುದಿಯನ್ನು ಸ್ಕ್ರೂ ತೂತಿನ ಸುತ್ತಲಿನ ಲೋಹಕ್ಕೆ ಇಟ್ಟು, 4 ಪಿನ್ ಸಾಕೆಟ್ಟಿನ ಹಳದಿ ತಂತಿ ಬರುವ ಪಿನ್ನನ್ನು ಅಳೆಯಿರಿ. ಅಂಕಿ ನಿಧಾನ ಏರಿ 200 ದಾಟಿದರೆ (ಆಗ ಮೀಟರು ಬರೀ ‘1’ ಅಥವಾ ‘OL’ ತೋರಿಸುತ್ತದೆ) ಸರಿ. ಕೆಪ್ಯಾಸಿಟರ್ ತುಂಬುತ್ತಿದೆ ಅಂತ ಅರ್ಥ. ಒಂದೆರಡು ಓಮ್‌ನಲ್ಲೇ ನಿಂತರೆ ಶಾರ್ಟ್. ಆಮೇಲೆ ಅದೇ ಹಳದಿ ಪಿನ್ನಿಗೂ ಕಾಯಿಲಿನ ಕಾಲಿಗೂ ನಡುವೆ ಅಳೆಯಿರಿ. ಇಲ್ಲಿ ಸೊನ್ನೆಗೆ ಹತ್ತಿರ ಬಂದರೆ ಮೇಲಿನ ಮಾಸ್‌ಫೆಟ್ ಹೋಗಿದೆ, ಪ್ರೊಸೆಸರ್ ಬಗ್ಗೆ ಆಸೆ ಕಡಿಮೆ ಮಾಡಿಕೊಳ್ಳಿ. ಇಲ್ಲಿ ಹೆಚ್ಚಿದ್ದು, ಕಾಯಿಲಿಗೂ ಗ್ರೌಂಡಿಗೂ ನಡುವೆ ಮಾತ್ರ ಸೊನ್ನೆ ಇದ್ದರೆ ಕೆಳಗಿನದು ಅಥವಾ ಆ ಕಡೆಯ ಕೆಪ್ಯಾಸಿಟರು. ಎರಡೂ ಚೆನ್ನಾಗಿದ್ದು 12 ವೋಲ್ಟ್ ಪಿನ್ ಮಾತ್ರ ಗ್ರೌಂಡಿಗೆ ಶಾರ್ಟ್ ಇದ್ದರೆ, ಬಿರುಕು ಬಿಟ್ಟ ಒಂದು ಸಣ್ಣ ಸೆರಾಮಿಕ್ ಕೆಪ್ಯಾಸಿಟರಿನ ಕೆಲಸ ಇರಬಹುದು. ಅದಾದರೆ ಬಹಳ ಸುಲಭದ ರಿಪೇರಿ.

ಪ್ರೊಸೆಸರ್ ಕೂತಿರುವಾಗ ಕಾಯಿಲಿಂದ ಗ್ರೌಂಡಿಗೆ ಕೆಲವೇ ಓಮ್, ಕೆಲವು ಸಲ ಒಂದು ಓಮ್‌ಗಿಂತಲೂ ಕಡಿಮೆ ತೋರಿಸುವುದು ಸಹಜ. ಅದನ್ನೇ ಶಾರ್ಟ್ ಅಂದುಕೊಂಡು ಒಳ್ಳೆಯ ಬೋರ್ಡನ್ನು ಗುಜರಿಗೆ ಹಾಕುವವರಿದ್ದಾರೆ. ಪ್ರೊಸೆಸರ್ ತೆಗೆದು ಅಳೆಯಿರಿ ಅಂದದ್ದು ಅದಕ್ಕೇ.

ಪ್ರೊಸೆಸರ್ ಬದುಕಿದೆಯಾ ಅಂತ ನೋಡುವಾಗ ಕ್ರಮ ತಪ್ಪಬಾರದು. ಅನುಮಾನದ ಪ್ರೊಸೆಸರನ್ನು ಒಳ್ಳೆಯ ಬೋರ್ಡಿನಲ್ಲಿ ಹಾಕಿ ನೋಡಿ. ಒಳ್ಳೆಯ ಪ್ರೊಸೆಸರನ್ನು ಅನುಮಾನದ ಬೋರ್ಡಿಗೆ ಎಂದೂ ಹಾಕಬೇಡಿ. ಸತ್ತ ಪ್ರೊಸೆಸರಿನಿಂದ ಒಳ್ಳೆಯ ಬೋರ್ಡಿಗೆ ಕೇಡಾಗುವುದು ಅಪರೂಪ. ಮೇಲಿನ ಮಾಸ್‌ಫೆಟ್ ಶಾರ್ಟ್ ಆದ ಬೋರ್ಡು ಮಾತ್ರ ಕೊಟ್ಟ ಪ್ರೊಸೆಸರನ್ನೆಲ್ಲ ಸುಡುತ್ತದೆ. ರ‍್ಯಾಮ್ ಸಾಮಾನ್ಯವಾಗಿ ಉಳಿದಿರುತ್ತದೆ, ಅದಕ್ಕೆ ಕರೆಂಟು ಬೇರೆ ದಾರಿಯಿಂದ ಬರುತ್ತದೆ. ಹಾಕಿ ನೋಡಿದರೆ ಮುಗಿಯಿತು.

ಒಳ್ಳೆಯ ಬೋರ್ಡಿನಲ್ಲಿ ನೋಡುವಾಗಲೂ ಪ್ರೊಸೆಸರ್, ಅದರ ಫ್ಯಾನು, ಒಂದು ಸಣ್ಣ ಸ್ಪೀಕರ್ ಮಾತ್ರ ಇರಲಿ, ರ‍್ಯಾಮ್ ಬೇಡ. ಆನ್ ಮಾಡಿದಾಗ ಉದ್ದುದ್ದ ಬೀಪ್ ಬಂದರೆ ಖುಷಿಪಡಿ: ಪ್ರೊಸೆಸರ್ ಓಡುತ್ತಿದೆ, ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಓದುತ್ತಿದೆ, ರ‍್ಯಾಮ್ ಇಲ್ಲ ಅಂತ ದೂರುತ್ತಿದೆ. ಆಮೇಲೆ ಒಂದೇ ರ‍್ಯಾಮ್ ಹಾಕಿ.

ರಿಪೇರಿ ಮಾಡಿಸಬಹುದೇ ಅನ್ನುವುದು ಸುಟ್ಟ ಜಾಗದ ಆಳದ ಮೇಲೆ ನಿಂತಿದೆ. ಮಾಸ್‌ಫೆಟ್ ಮಾತ್ರ ಹೋಗಿ, ಕೆಳಗಿನ ಬೋರ್ಡು ಹಸಿರಾಗಿಯೇ ಉಳಿದಿದ್ದರೆ ಹಾಟ್ ಏರ್ ಯಂತ್ರ ಇರುವವರು ಬದಲಿಸಿಕೊಡುತ್ತಾರೆ. ಒಂದನ್ನೇ ಬದಲಿಸಿದರೆ ಸಾಲದು. ಜೋಡಿಯನ್ನು ಒಟ್ಟಿಗೆ ಬದಲಿಸಿ, ಅವನ್ನು ನಡೆಸುವ ಡ್ರೈವರ್ ಚಿಪ್ಪನ್ನೂ ಪರೀಕ್ಷಿಸಬೇಕು. ಡ್ರೈವರ್ ಕೆಟ್ಟಿದ್ದರೆ ಹೊಸ ಮಾಸ್‌ಫೆಟ್ ಮೊದಲ ದಿನವೇ ಹೋಗುತ್ತದೆ. ರಿಪೇರಿಯಾದ ಬೋರ್ಡಿಗೆ ಪ್ರೊಸೆಸರ್ ಹಾಕುವ ಮೊದಲು ಕಾಯಿಲಿನಲ್ಲಿ 12 ವೋಲ್ಟ್ ಇಲ್ಲ ಅನ್ನುವುದನ್ನು ಎದುರಿಗೇ ಅಳೆದು ತೋರಿಸಲು ಕೇಳಿ. ಕೆಪ್ಯಾಸಿಟರ್ ಬದಲಿಸುವುದಾದರೆ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು, ಲೋ ಇಎಸ್‌ಆರ್ (ಒಳಗಿನ ತಡೆ ಕಡಿಮೆ ಇರುವ) ಬಗೆಯದು. ರೇಡಿಯೋ ರಿಪೇರಿಗೆ ಬಳಸುವ ಸಾದಾ ಕೆಪ್ಯಾಸಿಟರ್ ಇಲ್ಲಿ ಕೆಲವೇ ದಿನಕ್ಕೆ ಕಾದು ಉಬ್ಬುತ್ತದೆ. ಬೋರ್ಡೇ ಕರಕಲಾಗಿ ಗುಳಿ ಬಿದ್ದಿದ್ದರೆ ಬಿಟ್ಟುಬಿಡಿ. ಒಳಗೆ ಪದರ ಪದರವಾಗಿ ತಾಮ್ರ ಇರುತ್ತದೆ, ಕರಿ ಇಂಗಾಲವೇ ಕರೆಂಟು ಹರಿಸುತ್ತದೆ, ಮೇಲೆ ತೇಪೆ ಹಾಕಿದ್ದು ಬಾಳುವುದಿಲ್ಲ.

ಹಣದ ದೃಷ್ಟಿಯಿಂದ ಹೇಳುವುದಾದರೆ, ಪ್ರೊಸೆಸರ್ ಉಳಿದಿದ್ದರೆ ಬಳಸಿದ ಎಚ್61 ಬೋರ್ಡ್ ಹಾಕಿಕೊಳ್ಳುವುದು ತಪ್ಪಲ್ಲ. ಪ್ರೊಸೆಸರೂ ಹೋಗಿದ್ದರೆ ಈ ತಲೆಮಾರಿಗೆ ಮತ್ತೆ ದುಡ್ಡು ಸುರಿಯಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಮೂರನೇ ತಲೆಮಾರಿನ ಐ3 ಇಲ್ಲ. ಜನರ ಆಧಾರ್, ಬ್ಯಾಂಕ್ ಕಾಗದ ಕೈಗೆ ಬರುವ ಅಂಗಡಿಗೆ ಭದ್ರತೆಯ ಈ ಲೆಕ್ಕ ಮುಖ್ಯ.

ಇನ್ನು ಗೋಡೆಯ ಕಡೆಗೆ ಬರೋಣ. ಪಕ್ಕದ ಅಂಗಡಿಯ ಬಲ್ಬೂ ಅದೇ ಗಳಿಗೆಯಲ್ಲಿ ಹೋದವು ಅಂದಿರಿ. ನನಗೆ ಮೊದಲ ಅನುಮಾನ ನ್ಯೂಟ್ರಲ್ (ಕರೆಂಟು ಮರಳುವ ತಂತಿ) ಮೇಲೆ. ಯಾವುದೇ ಎರಡು ಫೇಸ್ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಗಟ್ಟಿಯಾಗಿದ್ದಾಗ ಮಾತ್ರ ನಿಮ್ಮ ಪಾಲಿಗೆ 230 ಬರುತ್ತದೆ. ಗಾಳಿಗೆ ಕಂಬದ ಮೇಲಿನ ನ್ಯೂಟ್ರಲ್ ಜಾಯಿಂಟ್ ಸಡಿಲವಾದರೆ, ಅಥವಾ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರಿನಲ್ಲಿ) ಕಳಚಿದರೆ, ಬೇರೆ ಬೇರೆ ಫೇಸಿನ ಮನೆ-ಅಂಗಡಿಗಳು ಆ 400 ವೋಲ್ಟನ್ನು ಹಂಚಿಕೊಳ್ಳುತ್ತವೆ, ಕಡಿಮೆ ಹೊರೆ ಇರುವ ಫೇಸಿಗೆ ಹೆಚ್ಚು ಬೀಳುತ್ತದೆ. ಹಿಟ್ಟಿನ ಗಿರಣಿಯಂಥ ದೊಡ್ಡ ಹೊರೆ ಒಂದು ಫೇಸಿನಲ್ಲಿದ್ದು, ನಾಲ್ಕು ಬಲ್ಬು-ಕಂಪ್ಯೂಟರಿನ ಫೇಸು ನಿಮ್ಮದಾಗಿದ್ದರೆ ಪೆಟ್ಟು ನಿಮಗೇ. ಒಂದು ಕಡೆ ದೀಪ ಕಣ್ಣು ಕುಕ್ಕುವಷ್ಟು ಉರಿದು ಇನ್ನೊಂದು ಕಡೆ ಮಂಕಾದರೆ ಅದೇ ಗುರುತು. ಆ ಕ್ಷಣವೇ ಮೇನ್ ತೆಗೆದು ಬೆಸ್ಕಾಂನ 1912ಕ್ಕೆ ದೂರು ಕೊಡಿ. ಕಂಬ ಹತ್ತುವ ಸಾಹಸ ನಮ್ಮದಲ್ಲ.

ಒಂದು ಮಾತು ಸೇರಿಸಬೇಕು. ವೋಲ್ಟೇಜು ಹೆಚ್ಚಾಗಿ ಬಂದಾಗ ಸಾಮಾನ್ಯವಾಗಿ ಮೊದಲು ಸಾಯುವುದು ಎಸ್‌ಎಂಪಿಎಸ್: ಒಳಗಿನ ವೇರಿಸ್ಟರ್ (ಹೆಚ್ಚಿನ ವೋಲ್ಟೇಜನ್ನು ತಾನು ಹೀರುವ ರಕ್ಷಣಾ ಭಾಗ) ಸಿಡಿದು, ಫ್ಯೂಸ್ ಹೋಗಿ, ಬೋರ್ಡ್ ಉಳಿಯುತ್ತದೆ. ನಿಮ್ಮಲ್ಲಿ ಎಸ್‌ಎಂಪಿಎಸ್ ಏಳುತ್ತಿದೆ, ಬೋರ್ಡು ಸುಟ್ಟಿದೆ. ಹಾಗಾಗಿ ನಾರಿನ ಪುಡಿಯ ಬಿಸಿಗೆ ಮೊದಲೇ ಸೊರಗಿದ್ದ ಮಾಸ್‌ಫೆಟ್ಟಿಗೆ ಅಂದಿನ ಏರಿಳಿತ ಕೊನೆಯ ಹೊಡೆತವಾಗಿರುವುದೂ ಸಾಧ್ಯ. ಎರಡನ್ನೂ ಸರಿಪಡಿಸಬೇಕು, ಒಂದನ್ನು ಮಾಡಿ ಇನ್ನೊಂದನ್ನು ಬಿಡುವಂತಿಲ್ಲ.

ಮೀಟರನ್ನು ಎಸಿ 750ಕ್ಕೆ ಇಟ್ಟು ಸಾಕೆಟ್ ಅಳೆಯಿರಿ. ಫೇಸ್-ನ್ಯೂಟ್ರಲ್ 207ರಿಂದ 253ರ ಒಳಗಿರಲಿ. ಫೇಸ್-ಅರ್ಥ್ ಅದಕ್ಕೆ ಹತ್ತಿರ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟಿನೊಳಗೆ. ನ್ಯೂಟ್ರಲ್-ಅರ್ಥ್ ಹತ್ತಿಪ್ಪತ್ತು ದಾಟಿದರೆ ಅರ್ಥ್ ಇಲ್ಲ ಅಥವಾ ನ್ಯೂಟ್ರಲ್ ಸಡಿಲ. ಬಗೆಹರಿಯದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹೊರೆ ಹಾಕಿ ನೋಡಿಸಿ, ಏಕೆಂದರೆ ಮೀಟರು ಎಳೆಯುವ ಕರೆಂಟು ಅತ್ಯಲ್ಪ, ಹಳಸಿದ ಅರ್ಥ್ ತಂತಿಯಲ್ಲೂ ಅದು ಸರಿಯಾದ ಅಂಕಿಯನ್ನೇ ತೋರಿಸಬಹುದು. ಕ್ಯಾಬಿನೆಟ್ ಮುಟ್ಟಿದರೆ ‘ಚುರ್’ ಅನ್ನುತ್ತಿತ್ತಾ? ಅರ್ಥ್ ಇಲ್ಲದ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪ್ಯಾಸಿಟರುಗಳಿಂದ ಲೋಹದ ಮೈಗೆ ಸುಮಾರು 115 ವೋಲ್ಟ್ ಬರುತ್ತದೆ. ಕರೆಂಟು ಸಣ್ಣದು, ಆದರೆ ಪ್ರಿಂಟರಿನ ಯುಎಸ್‌ಬಿ ಸಿಕ್ಕಿಸುವ ಗಳಿಗೆಯಲ್ಲಿ ಅದು ಪೋರ್ಟಿನ ಮೂಲಕ ಹಾಯಬಹುದು. ಜೆರಾಕ್ಸ್ ಅಂಗಡಿಗಳಲ್ಲಿ ಯುಎಸ್‌ಬಿ ಪೋರ್ಟು ಪದೇ ಪದೇ ಹೋಗುವುದಕ್ಕೆ ಇದೊಂದು ಕಾರಣ.

ತುಮಕೂರಿನ ಕಡೆಯ ಒಣ ನೆಲದಲ್ಲಿ ಅರ್ಥ್ ಗುಂಡಿ ಬೇಸಿಗೆಗೆ ಕೈಕೊಡುತ್ತದೆ. ಕೊಳವೆ, ಇದ್ದಿಲು, ಉಪ್ಪು ಎಲ್ಲ ಇದ್ದರೂ ತೇವ ಇಲ್ಲದಿದ್ದರೆ ಕರೆಂಟು ನೆಲಕ್ಕಿಳಿಯಲು ದಾರಿ ಇಲ್ಲ. ಫೆಬ್ರವರಿಯಿಂದ ವಾರಕ್ಕೊಮ್ಮೆ ಎರಡು ಬಿಂದಿಗೆ ನೀರು ಹಾಕಿ, ಮೇಲಿನ ನಟ್ಟು ತುಕ್ಕು ಹಿಡಿದಿದ್ದರೆ ಉಜ್ಜಿ ಬಿಗಿ ಮಾಡಿಸಿ. ಭರಣಿ, ಕೃತ್ತಿಕೆ ಮಳೆಯ ಗುಡುಗು-ಸಿಡಿಲಿನ ದಿನಗಳಲ್ಲಿ ಪ್ಲಗ್ಗಿನ ಜೊತೆ ತಾಮ್ರದ ಇಂಟರ್ನೆಟ್ ಕೇಬಲ್ಲನ್ನೂ ಬಿಚ್ಚಿ. ಸಿಡಿಲಿನ ಅಲೆ ಆ ದಾರಿಯಲ್ಲಿ ಬಂದರೆ ಲ್ಯಾನ್ ಚಿಪ್ ಮೊದಲು ಹೋಗುತ್ತದೆ.

ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ, ಆದರೆ ಅದನ್ನೇ ನೆಚ್ಚಬೇಡಿ: ಸಾದಾ ಯುಪಿಎಸ್ ಕರೆಂಟು ಇದ್ದಾಗ ಗೋಡೆಯದನ್ನೇ ಹಾಯಿಸುತ್ತದೆ. ಮೇನ್ ಬೋರ್ಡಿನಲ್ಲಿ, 270 ವೋಲ್ಟ್ ಆಸುಪಾಸಿನಲ್ಲಿ ತಾನೇ ಕಡಿತ ಮಾಡಿ, ಸರಿಯಾದ ಮೇಲೆ ಕೆಲ ನಿಮಿಷ ತಡೆದು ಕೊಡುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸುವುದೇ ನ್ಯೂಟ್ರಲ್ ತೊಂದರೆಗೆ ಸರಿಯಾದ ಮದ್ದು. ಕ್ಯಾಬಿನೆಟ್ಟನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಫ್ಯಾಕ್ಟರಿ ಕಡೆಯ ಕಿಟಕಿಯಿಂದ ದೂರ ಇಟ್ಟು, ತಿಂಗಳಿಗೊಮ್ಮೆ ಬಿಚ್ಚಿ ಪುಡಿ ತೆಗೆಯಿರಿ.

ಸಾಕೆಟ್ಟಿನ ಅಳತೆಯನ್ನು ಒಂದೇ ಸಲ ಮಾಡಿ ಬಿಡಬೇಡಿ. ಬೆಳಿಗ್ಗೆ, ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಡುವ ಹೊತ್ತಿನಲ್ಲಿ, ರಾತ್ರಿ ಎಂಟರ ಸುಮಾರಿಗೆ, ಹೀಗೆ ಮೂರು ದಿನ ಬರೆದಿಡಿ. ಅಂಕಿ ಹತೋಟಿಯಲ್ಲಿದ್ದರೆ ಬೋರ್ಡ್ ತರಲು ತುಮಕೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೊರಡಿ. ಹಳೆ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಜೊತೆಗೆ ಒಯ್ಯಿರಿ. 1155 ಸಾಕೆಟ್, ಡಿಡಿಆರ್3 ರ‍್ಯಾಮಿನ ಬೋರ್ಡನ್ನೇ ಕೇಳಿ, ಸಾಕೆಟ್ ಪಿನ್ನುಗಳನ್ನು ಟಾರ್ಚ್ ಹಾಕಿ ನೋಡಿ, ನಿಮ್ಮ ಪ್ರೊಸೆಸರನ್ನು ಅಲ್ಲೇ ಕೂರಿಸಿ ಪರದೆಯ ಮೇಲೆ ಅದರ ಹೆಸರು ಬಂದ ಮೇಲೆ ದುಡ್ಡು ಕೊಡಿ.